ದೂರದರ್ಶನವೂ ಮಕ್ಕಳ ವ್ಯಾಸಂಗವೂ

ಪುಷ್ಯಮಾಸವು ಕಳೆದು ಮಾಘವು ಕಾಲಿಡುತ್ತಲೇ ಬೆಂಗಳೂರಿನ ಬಡಾವಣೆಗಳಲ್ಲಿ, ಯಾವ ಧರ್ಮಶಾಸ್ತ್ರಗ್ರಂಥವೂ ವಿಧಿಸದ ವ್ರತವೊಂದು ಆಚರಣೆಗೆ ಬರುತ್ತದೆ. ಹತ್ತನೆಯ ತರಗತಿಯ ಮಗುವಿರುವ ಮನೆಯ ಯಜಮಾನರು ಕೇಬಲ್ಲಿನವನನ್ನು ಕರೆದು ದೂರದರ್ಶನದ ಸಂಪರ್ಕವನ್ನು ತೆಗೆಸುತ್ತಾರೆ. ಅಥವಾ ತಿಂಗಳ ಹಣವನ್ನು ಕಟ್ಟುವುದನ್ನು ನಿಲ್ಲಿಸುತ್ತಾರೆ. ಅಷ್ಟು ಧೈರ್ಯವಿಲ್ಲದವರು ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. "ಈ ವರ್ಷ ನಮ್ಮ ಮನೆಯಲ್ಲಿ ಟೀವಿ ಇಲ್ಲ, ಮಗನಿಗೆ ಎಸ್.ಎಸ್.ಎಲ್.ಸಿ." ಎಂದು ನೆಂಟರಿಷ್ಟರಿಗೆ ತಿಳಿಸುವಾಗ ಅವರ ಧ್ವನಿಯಲ್ಲಿ ಏಕಾದಶಿಯ ಉಪವಾಸವನ್ನು ಹಿಡಿದವರ ಗಾಂಭೀರ್ಯವು ಕಾಣಬರುತ್ತದೆ. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಕಡೆಯ ಪ್ರಶ್ನಪತ್ರಿಕೆಯು ಮುಗಿದ ಸಂಜೆಯೇ ವ್ರತದ ಉದ್ಯಾಪನೆ. ಮಾರನೆಯ ದಿನದಿಂದ ಮನೆಯು ಯಥಾಪ್ರಕಾರ.

ಈ ವ್ರತದ ಔಚಿತ್ಯವನ್ನು ಕುರಿತು ವಿದ್ಯಾವಂತರಲ್ಲಿ ಎರಡು ಮಾತಿಲ್ಲ. ಉಪಾಧ್ಯಾಯರು ಇದನ್ನು ಬೋಧಿಸುತ್ತಾರೆ; ತಾಯ್ತಂದೆಗಳು ಇದನ್ನು ತಮ್ಮ ತ್ಯಾಗವೆಂದು ಬಗೆಯುತ್ತಾರೆ. ಆದರೆ ಸ್ವಲ್ಪ ವಿಚಾರ ಮಾಡಿದರೆ ಇದು ಹದಿನೈದು ವರ್ಷ ಬೆಳೆದ ವ್ಯಾಧಿಗೆ ಮೂರು ತಿಂಗಳ ಪಥ್ಯವೆಂಬುದೂ, ಪಥ್ಯವನ್ನು ಹಿಡಿಯಬೇಕಾದವರು ಬೇರೆ, ಹಿಡಿಯುವವರು ಬೇರೆ ಎಂಬುದೂ ತಿಳಿಯದಿರದು. ದೂರದರ್ಶನದಿಂದ ಮಕ್ಕಳ ವ್ಯಾಸಂಗಕ್ಕೆ ಆಗುವ ಹಾನಿಯನ್ನು ಅಳೆಯಬೇಕಾದರೆ ಮಗುವಿನ ಕಣ್ಣೆದುರಿಗೆ ಏನು ಬಂತೆಂದು ನೋಡಿದರೆ ಸಾಲದು. ಆ ಹೊತ್ತಿನಲ್ಲಿ ಮನೆಯಿಂದ ಏನು ಹೊರಗೆ ಹೋಯಿತೆಂದು ನೋಡಬೇಕು. ಹಾಗೆ ನೋಡಿದಲ್ಲಿ ಅತ್ಯಂತ ಹೆಚ್ಚು ನಷ್ಟವಾಗಿರುವುದು ವಿದ್ಯಾವಂತರ ಮನೆಗಳಿಗೇ.

ದೃಷ್ಟಾಂತಕ್ಕಾಗಿ ಸಹಕಾರನಗರವನ್ನು ತೆಗೆದುಕೊಳ್ಳಬಹುದು. ಸಂಸ್ಕೃತದಲ್ಲಿ ಸಹಕಾರವೆಂದರೆ ಸುಗಂಧವುಳ್ಳ ಮಾವು. ಬಡಾವಣೆಗೆ ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಮಾವಲ್ಲ, ಕೂಡಿ ನಡೆಯುವುದು. ಇರಲಿ. ಬಳ್ಳಾರಿ ರಸ್ತೆಯ ಪಾರ್ಶ್ವದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಸ್ತಾರವಾದ ತೋಟಗದ್ದೆಗಳು; ಅವುಗಳ ನೆರೆಯಲ್ಲಿ, ಕೊಡಿಗೇಹಳ್ಳಿಯ ಕಡೆಗೆ, ಈ ಬಡಾವಣೆ. ನಿವೃತ್ತರಾದ ಎಂಜಿನಿಯರುಗಳು, ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಉಪಾಧ್ಯಾಯಿನಿಯರು ಮನೆ ಕಟ್ಟಿಕೊಂಡಿರುವ ಸ್ಥಳ. ಇಲ್ಲಿಯ ಮನೆಗಳಲ್ಲಿ ಪುಸ್ತಕದ ಕಪಾಟುಂಟು. ಎರಡು ಮೂರು ಭಾಷೆ ಬಲ್ಲ ಹಿರಿಯರುಂಟು. ಮಗನೂ ಸೊಸೆಯೂ ಕಛೇರಿಯಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆಯ ವಾಹನಸಂದಣಿಯನ್ನು ದಾಟಿ ಮನೆ ಸೇರುವಾಗ ರಾತ್ರಿ ಎಂಟು ಹೊಡೆದಿರುತ್ತದೆ. ಆದಕಾರಣ ಶಾಲೆ ಬಿಟ್ಟ ಹೊತ್ತಿನಿಂದ ಅಲ್ಲಿಯ ವರೆಗೆ ಮಗುವು ಅಜ್ಜ ಅಜ್ಜಿಯರ ವಶ. ಹಿಂದಿನ ಕಾಲದ ಅರಸುಮಕ್ಕಳಿಗೂ ಇಷ್ಟು ಯೋಗ್ಯರಾದ ಬೋಧಕರು ಪುಕ್ಕಟೆಯಾಗಿ ದೊರೆತಿದ್ದರೋ ಇಲ್ಲವೋ!

ಇಂಥ ಮನೆಯೊಂದರಲ್ಲಿ ಸಂಜೆ ಏಳು ಗಂಟೆಯ ಸಮಯವನ್ನು ವಾಚಕರು ಭಾವಿಸಿಕೊಳ್ಳಲಿ. ದೇವರ ಮುಂದೆ ದೀಪ ಹಚ್ಚಿಯಾಗಿದೆ. ಧಾರಾವಾಹಿಯು ನಡೆಯುತ್ತಿದೆ. ಎರಡನೆಯ ತರಗತಿಯ ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ಬಂದು, "ಅಜ್ಜಿ, ಹದಿಮೂರರ ಮಗ್ಗಿ ಒಪ್ಪಿಸಲೇ?" ಎಂದು ಕೇಳುತ್ತಾಳೆ. "ಇರು ಪುಟ್ಟಿ, ಜಾಹೀರಾತು ಬರಲಿ" ಎಂದು ಉತ್ತರ. ಜಾಹೀರಾತು ಬರುತ್ತದೆ, ಹದಿಮೂರೇಳಲ ತೊಂಬತ್ತೊಂದರ ವರೆಗೆ ಮಗ್ಗಿಯೂ ಬರುತ್ತದೆ, ಅಷ್ಟರಲ್ಲಿ ಧಾರಾವಾಹಿಯ ಸೊಸೆಯು ಮತ್ತೆ ಅಳತೊಡಗುತ್ತಾಳೆ. ಮಿಕ್ಕ ಮೂರು ಸಾಲು ಮುಂದಿನ ಜಾಹೀರಾತಿಗೆ. ಎರಡನೆಯ ಸಲ ಆ ಹುಡುಗಿ ಪುಸ್ತಕವನ್ನು ತರುವುದಿಲ್ಲ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ತಾನೂ ನೋಡುತ್ತಾಳೆ. ಇದೇ ಹುಡುಗಿ ಎಂಟು ವರ್ಷಗಳ ಮೇಲೆ ಪರೀಕ್ಷೆಗೆ ಕುಳಿತಾಗ, "ಓದಿನಲ್ಲಿ ಗಮನವೇ ಇಲ್ಲ, ಸದಾ ಟೀವಿ" ಎಂದು ಅವಳ ಮೇಲೆಯೇ ಆರೋಪವನ್ನು ಹೊರಿಸುವರು.

ಇಲ್ಲಿ ನಡೆದ ಅಪಚಾರವು ಯಾವುದು? ಧಾರಾವಾಹಿಯು ನೀತಿಬಾಹಿರವಾಗಿತ್ತೆಂಬುದಲ್ಲ. ವಿದ್ಯೆಗೆ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಪೂರ್ವಿಕರು ಹೇಳಿದರು. ವೇದಪಾಠದಲ್ಲಿ ಗುರುವು ಒಂದು ಸಲ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳುವ ಪದ್ಧತಿಯುಂಟು. ಶಿಷ್ಯನ ನಾಲಗೆ ತಡವರಿಸಿದರೆ ಗುರುವು ನಿಲ್ಲುವನು. ಈ ನಿಲ್ಲುವಿಕೆಯಲ್ಲಿಯೇ ವಿದ್ಯೆಯ ಜೀವವಿರುವುದು. ದೂರದರ್ಶನವಾದರೋ ಯಾರಿಗಾಗಿಯೂ ನಿಲ್ಲುವುದಿಲ್ಲ. ಅದು ಶ್ರವಣವನ್ನು ಕೊಡುತ್ತದೆ, ದರ್ಶನವನ್ನೂ ಕೊಡುತ್ತದೆ; ಮನನಕ್ಕೆ ಎಡೆ ಕೊಡುವುದಿಲ್ಲ. ಮನನಕ್ಕೆ ಎಡೆ ಕೊಡಬಲ್ಲವಳು ಅಜ್ಜಿಯಾಗಿದ್ದಳು. ಅವಳನ್ನು ಆ ಪೆಟ್ಟಿಗೆಯು ತನ್ನ ಕಡೆಗೆ ಸೆಳೆದುಕೊಂಡಿತು.

ಹೀಗೆಂದರೆ ಪಾಠಶಾಲೆಯಲ್ಲಿ ಬೆಳೆದವರಿಗೆ ವಿನೋದವೇ ಸೇರದೆಂದು ಯಾರೂ ತಿಳಿಯಬೇಕಾಗಿಲ್ಲ. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಪರ್ವದಿನ ಇವುಗಳಲ್ಲಿ ಹೊಸ ಪಾಠವಿಲ್ಲವೆಂದು ಅನಧ್ಯಯನವನ್ನು ಗೊತ್ತು ಮಾಡಿದ್ದುದು ಆ ಪಾಠಶಾಲೆಗಳೇ. ಆ ದಿನಗಳು ಮಕ್ಕಳಿಗೆಷ್ಟು ಪ್ರಿಯವಾಗಿದ್ದುವೆಂಬುದನ್ನು ಅಲ್ಲಿ ಓದಿದವರೇ ಬಲ್ಲರು! ಆದರೆ ಅನಧ್ಯಯನಕ್ಕೆ ತಿಥಿಯಿತ್ತು. ಈಗಿನದಕ್ಕೆ ತಿಥಿಯೂ ಇಲ್ಲ, ಮಿತಿಯೂ ಇಲ್ಲ.

ದೂರದರ್ಶನವು ಸ್ವಭಾವತಃ ವಿದ್ಯೆಯ ವೈರಿಯೆಂದು ಹೇಳುವವರಿದ್ದಾರೆ. ಅದು ಅತಿವಾದ. ಅದನ್ನು ಖಂಡಿಸಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಕರ್ನಾಟಕದ ಉತ್ತರದ ಹಳ್ಳಿಗಳೇ ಸಾಕ್ಷಿ. 1975ನೆಯ ಇಸವಿ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕೆಯಿಂದ ಎರವಲಾಗಿ ಪಡೆದ ಉಪಗ್ರಹವೊಂದರ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲಪಿಸುವ ಪ್ರಯೋಗವು ನಡೆಯಿತು. ಸೈಟ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದುವು. ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಗ್ರಾಹಕದ ಬುಡದಲ್ಲಿ ಊರಿಗೊಂದೇ ಪೆಟ್ಟಿಗೆ. ಅದನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಬ್ಬ ಹೊಣೆಗಾರ. ಬೆಳಗಿನ ಶಾಲಾವೇಳೆಯಲ್ಲಿ ಕನ್ನಡದ ಮಕ್ಕಳಿಗೆಂದು ಮೀಸಲಾಗಿದ್ದುದು ಸುಮಾರು 22 ನಿಮಿಷಗಳು ಮಾತ್ರ. ಮೇಷ್ಟರು ಪಕ್ಕದಲ್ಲಿರುತ್ತಿದ್ದರು.

ಆ ಮಕ್ಕಳನ್ನು ಪರೀಕ್ಷಿಸಿದವರು ಕಂಡುದೇನೆಂದರೆ, ಅವರ ಭಾಷಾಶಕ್ತಿಯು ವೃದ್ಧಿಯಾಗಿತ್ತು. ಹೊಸ ವಿಷಯಗಳನ್ನು ಅರಸಿ ತಿಳಿಯುವ ಆಸಕ್ತಿಯು ಹೆಚ್ಚಿತ್ತು. ಶಾಲೆಗೆ ಸೇರುವವರ ಸಂಖ್ಯೆಯು ಮಾತ್ರ ಅದರಿಂದ ಏರಲಿಲ್ಲ. ಎಮ್ಮೆ ಕಾಯುವ ಹುಡುಗನನ್ನು ಶಾಲೆಗೆ ಕರೆತರುವ ಶಕ್ತಿಯು ಯಾವ ಉಪಗ್ರಹಕ್ಕೂ ಇಲ್ಲ. ಆದರೂ ಆ ಹಳ್ಳಿಯ ಮಕ್ಕಳಿಗೆ ಲಾಭವಾದುದು ಸತ್ಯ. ಏಕೆ ಲಾಭವಾಯಿತು? ಬಿಜಾಪುರದ ಸೀಮೆಯ ಆ ಮಗುವಿಗೆ ಪುಸ್ತಕವಿರಲಿಲ್ಲ, ಪತ್ರಿಕೆಯಿರಲಿಲ್ಲ, ಊರಾಚೆಯ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಬರಿದಾಗಿದ್ದ ಪಾತ್ರೆಗೆ ಏನು ಸುರಿದರೂ ಅದು ತುಂಬುವುದೇ. ಸಹಕಾರನಗರದ ಪಾತ್ರೆಯಾದರೋ ತುಂಬಿದ್ದಿತು. ಅಲ್ಲಿಗೆ ಇದನ್ನು ಸುರಿದುದರಿಂದ ಒಳಗಿದ್ದುದು ಹೊರಚೆಲ್ಲಿತು.

ಇದು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕೆಯ ಅರ್ಥಶಾಸ್ತ್ರಜ್ಞರಾದ ಜೆಂಟ್ಸ್‌ಕೋ ಮತ್ತು ಶಪೀರೋ ಎಂಬವರು, ಆ ದೇಶದ ಬೇರೆ ಬೇರೆ ನಗರಗಳಿಗೆ ದೂರದರ್ಶನವು ಬೇರೆ ಬೇರೆ ವರ್ಷಗಳಲ್ಲಿ ಬಂದುದನ್ನು ಆಧಾರವಾಗಿಟ್ಟುಕೊಂಡು 2008ರಲ್ಲಿ ಒಂದು ವಿಚಾರವನ್ನು ಪ್ರಕಟಿಸಿದರು. ಶಿಶುವಯಸ್ಸಿನಲ್ಲಿ ಅದನ್ನು ನೋಡಿ ಬೆಳೆದವರ ಪರೀಕ್ಷಾಫಲವು ಕೆಡಲಿಲ್ಲ, ತೃಣಮಾತ್ರ ಉತ್ತಮವೇ ಆಗಿತ್ತು ಎಂದು ಅವರ ನಿರ್ಣಯ. ದೂರದರ್ಶನದ ಪಕ್ಷಪಾತಿಗಳು ಇದನ್ನು ಬ್ರಹ್ಮಾಸ್ತ್ರದಂತೆ ಪ್ರಯೋಗಿಸುವರು. ಆದರೆ ಆ ಲಾಭವು ಎದ್ದು ಕಂಡುದು ಯಾವ ಮನೆಗಳಲ್ಲಿ? ಇಂಗ್ಲಿಷ್ ಮನೆಮಾತಲ್ಲದ, ತಾಯಿಗೆ ಹೆಚ್ಚು ವಿದ್ಯಾಭ್ಯಾಸವಿಲ್ಲದ ಮನೆಗಳಲ್ಲಿ. ಅಸ್ತ್ರವು ಪ್ರಯೋಗಿಸಿದವರ ಕಡೆಗೇ ತಿರುಗುತ್ತದೆ. ಪದವೀಧರೆಯಾದ ಅಜ್ಜಿಯೂ ಪದವೀಧರೆಯಾದ ತಾಯಿಯೂ ಇರುವ ಮನೆಗೆ ಈ ಲಾಭವನ್ನು ಆರೋಪಿಸಲು ಅವಕಾಶವಿಲ್ಲ.

ಕೆನಡಾ ದೇಶದ ಕಣಿವೆಯೊಂದರಲ್ಲಿ, ಸುತ್ತಲ ಊರುಗಳಿಗೆಲ್ಲ ದೂರದರ್ಶನವು ಬಂದಿದ್ದರೂ ತನಗೆ ಮಾತ್ರ ಬಾರದಿದ್ದ ಒಂದು ಪಟ್ಟಣವಿತ್ತು. 1973ರಲ್ಲಿ, ಅದು ಬರುವುದಕ್ಕೆ ಸ್ವಲ್ಪ ಮುಂಚೆ, ವಿದ್ವಾಂಸರು ಆ ಊರಿನ ಮಕ್ಕಳನ್ನು ಪರೀಕ್ಷಿಸಿದರು. ಎರಡು ವರ್ಷಗಳ ತರುವಾಯ ಪುನಃ ಪರೀಕ್ಷಿಸಿದರು. ಮೊದಲ ಸಲ ಆ ಊರಿನ ಎರಡನೆಯ ತರಗತಿಯ ಮಕ್ಕಳು ಓದಿನ ಸರಾಗದಲ್ಲಿ ನೆರೆಯ ಊರಿನವರನ್ನು ಮೀರಿಸಿದ್ದರು. ದೂರದರ್ಶನವು ಬಂದ ಮೇಲೆ ಆ ತರಗತಿಗೆ ಬಂದವರಲ್ಲಿ ಆ ಮೇಲ್ಮೆಯು ಉಳಿಯಲಿಲ್ಲ. ವಾಚಕರು ಇಲ್ಲಿ ತರಗತಿಯನ್ನು ಗಮನಿಸಬೇಕು: ಹತ್ತನೆಯದಲ್ಲ, ಎರಡನೆಯದು. ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವ ಕಷ್ಟವು ಕಳೆದು ಓದು ತಾನೇ ಓಡತೊಡಗುವ ವಯಸ್ಸದು. ಆ ಕಷ್ಟವು ನಿತ್ಯ ಅರ್ಧ ಗಂಟೆ ಗಟ್ಟಿಯಾಗಿ ಓದಿಸುವುದರಿಂದ ಮಾತ್ರ ಕಳೆಯುವುದು. ಕನ್ನಡದ ಒತ್ತಕ್ಷರಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಅರ್ಧ ಗಂಟೆಯನ್ನು ಏಳನೆಯ ವಯಸ್ಸಿನಲ್ಲಿ ಕಳೆದುಕೊಂಡ ಮಗುವಿಗೆ ಹದಿನೈದನೆಯ ವಯಸ್ಸಿನಲ್ಲಿ ಕೇಬಲ್ಲನ್ನು ಕತ್ತರಿಸಿ ಕೊಡುವುದು, ಬಿತ್ತನೆಯ ಮಳೆಯನ್ನು ಕಳೆದುಕೊಂಡವನಿಗೆ ಕೊಯ್ಲಿನ ಕಾಲದಲ್ಲಿ ನೀರು ಹಾಯಿಸಿದಂತೆ.

ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು ಇಪ್ಪತ್ತಾರನೆಯ ವಯಸ್ಸಿನ ವರೆಗೂ ಹಿಂಬಾಲಿಸಿ ನಡೆಸಿದ ವಿಚಾರಣೆಯು 2005ರಲ್ಲಿ ಪ್ರಕಟವಾಯಿತು. ಐದರಿಂದ ಹದಿನೈದರ ವರೆಗೆ ಹೆಚ್ಚು ಹೊತ್ತು ದೂರದರ್ಶನವನ್ನು ನೋಡಿದವರಲ್ಲಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದವರು ಕಡಮೆ. ಬುದ್ಧಿಶಕ್ತಿಯನ್ನೂ ಮನೆಯ ಅನುಕೂಲತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ಭೇದವು ಅಳಿಯಲಿಲ್ಲ. ನೋಡುವಿಕೆಯೇ ಕಾರಣ, ಪದವಿಯಿಲ್ಲದಿರುವುದು ಕಾರ್ಯ ಎಂದು ತಾರ್ಕಿಕರು ಇಷ್ಟರಿಂದಲೇ ಒಪ್ಪಲಾರರು. ಓದಿನಲ್ಲಿ ಹಿಂದುಳಿದವನೇ ಪೆಟ್ಟಿಗೆಯ ಮುಂದೆ ಕುಳಿತಿರಬಹುದಷ್ಟೆ. ಒಪ್ಪತಕ್ಕ ಮಾತೇ. ಆದರೆ ಹಾಗೆ ಕುಳಿತವನನ್ನು ಎಬ್ಬಿಸುವವರು ಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆಯು ಆಗಲೂ ನಿಲ್ಲುತ್ತದೆ.

"ನಮ್ಮ ಮೊಮ್ಮಗನು ದಿನವೂ ಟೀವಿ ನೋಡಿಯೂ ನೂರಕ್ಕೆ ತೊಂಬತ್ತೈದು ಅಂಕಗಳನ್ನು ಪಡೆದನು" ಎಂದು ಹೇಳುವ ಮಹನೀಯರು ಪ್ರತಿ ಬೀದಿಯಲ್ಲಿಯೂ ದೊರೆಯುವರು. ಅವರ ಸಂತೋಷಕ್ಕೆ ಭಂಗ ತರುವ ಉದ್ದೇಶವು ಯಾರಿಗೂ ಇಲ್ಲ. ಆದರೆ ಆ ಅಂಕಗಳಿಗಾಗಿ ಮನೆಪಾಠಕ್ಕೆ ಕಟ್ಟಿದ ಹಣವೆಷ್ಟು? ಶಾಲೆಯಲ್ಲಿ ಆರು ತಾಸು ಕುಳಿತು ಬಂದ ಮಗುವನ್ನು ಮತ್ತೆ ಎರಡು ತಾಸು ಪರರ ಮನೆಯ ಬೆಂಚಿನ ಮೇಲೆ ಕೂರಿಸಿ, ತಾತನು ಮನೆಯಲ್ಲಿ ವಾರ್ತಾವಾಹಿನಿಯ ವಾಗ್ಯುದ್ಧವನ್ನು ನೋಡುತ್ತಿದ್ದುದುಂಟೋ ಇಲ್ಲವೋ? ಮೂವತ್ತು ವರ್ಷ ಗಣಿತವನ್ನು ಬೋಧಿಸಿದ ನಿವೃತ್ತ ಉಪಾಧ್ಯಾಯರ ಮನೆಯಿಂದಲೂ ಮೊಮ್ಮಕ್ಕಳು ಗಣಿತದ ಮನೆಪಾಠಕ್ಕೆ ಹೊರಗೆ ಹೋಗುತ್ತಾರೆ. ಏಕೆಂದರೆ ಸಂಜೆಯ ಹೊತ್ತು ಉಪಾಧ್ಯಾಯರಿಗೆ ಬಿಡುವಿಲ್ಲ! ಇದನ್ನು ಹಾಸ್ಯಕ್ಕಾಗಿ ಬರೆದುದಲ್ಲ. ಇದಲ್ಲದೆ, ಆ ತೊಂಬತ್ತೈದು ಅಂಕದ ಹುಡುಗನ ಕೈಗೆ ಕನ್ನಡದ ಕಥೆಯ ಪುಸ್ತಕವೊಂದನ್ನು ಕೊಟ್ಟು ಎರಡು ಪುಟ ಓದೆಂದರೆ, ಅವನು ಓದುವ ರೀತಿಯನ್ನು ಕೇಳಿ ಆ ಮಹನೀಯರೇ ತಲೆ ತಗ್ಗಿಸಬೇಕಾದೀತು. ಅಂಕಪಟ್ಟಿಯಲ್ಲಿ ಕಾಣದ ನಷ್ಟವು ನಷ್ಟವೇ ಅಲ್ಲವೆಂದು ವಾದಿಸುವವರೊಡನೆ ಮಾತಿಲ್ಲ.

ಈ ವ್ರತವಾದರೂ ಸಾಂಗವಾಗಿ ನೆರವೇರುತ್ತದೆಯೇ? 2025ನೆಯ ವರ್ಷದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮಾರ್ಚಿ ತಿಂಗಳ 21ರಂದು ಪ್ರಥಮ ಭಾಷೆಯಿಂದ ಆರಂಭವಾಯಿತು. 22ರ ರಾತ್ರಿ ಏಳೂವರೆಗೆ ಕಲ್ಕತ್ತೆಯಲ್ಲಿ ಐ.ಪಿ.ಎಲ್. ಕ್ರಿಕೆಟ್ಟು ಆರಂಭ, ಮೊದಲನೆಯ ಪಂದ್ಯವೇ ಬೆಂಗಳೂರಿನ ತಂಡದ್ದು. 24ರಂದು ಗಣಿತದ ಪರೀಕ್ಷೆ. ಬೆಂಗಳೂರಿನ ತಂಡವು ಆ ರಾತ್ರಿ ಗೆದ್ದಿತು. ಆಗ ಬಡಾವಣೆಗಳಲ್ಲಿ ಎದ್ದ ಜಯಘೋಷವು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕ್ಷೇತ್ರಗಣಿತದ ಪ್ರಮೇಯವನ್ನು ಸಾಧಿಸುತ್ತಿದ್ದ ಬಾಲಕರ ಕಿವಿಗೆ ಬೀಳದೆ ಹೋಗಿರಲಾರದು. ಸಂಪರ್ಕವನ್ನು ತೆಗೆಸಿದ್ದ ಮನೆಗಳಲ್ಲಿ ಕೂಡ ಅಂದು ತಂದೆಯ ಜಂಗಮದೂರವಾಣಿಯು ಅಂಗೈಯಲ್ಲಿ ಬೆಳಗುತ್ತಿದ್ದಿತು. ಪಂದ್ಯವನ್ನು ನೋಡುವುದು ಪಾಪವೆಂದು ಹೇಳಲಾಗದು. ಆ ತಂಡವು ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಪ್ರಶಸ್ತಿಯನ್ನು ಗೆದ್ದುದು ಅದೇ ವರ್ಷದ ಜೂನ್ 3ರಂದು. ಆದರೆ ಮಗುವಿಗೆ ಮಾತ್ರ ವ್ರತ, ಹಿರಿಯರಿಗೆ ಪ್ರಸಾದ ಎಂಬ ಏರ್ಪಾಡಿನಿಂದ ಮಗುವು ಕಲಿಯುವುದೇನು? ಓದು ಎಂಬುದು ಚಿಕ್ಕವರಿಗೆ ವಿಧಿಸಿದ ಶಿಕ್ಷೆ. ದೊಡ್ಡವರಾಗುವುದೆಂದರೆ ಅದರಿಂದ ಬಿಡುಗಡೆ ಹೊಂದುವುದು. ಎಷ್ಟು ಬೇಗ ದೊಡ್ಡವನಾಗುವೆನೋ ಎಂದು ಅವನು ದಿನವೆಣಿಸುತ್ತಾನೆ.

ಈಗ ಮತ್ತೊಂದು ಪೂರ್ವಪಕ್ಷ. "ದೂರದರ್ಶನದ ಕಾಲ ಮುಗಿಯಿತು, ಈಗಿನ ಮಕ್ಕಳ ಪಿಡುಗು ಜಂಗಮದೂರವಾಣಿ, ಹಳೆಯ ಪೆಟ್ಟಿಗೆಯೊಡನೆ ಜಗಳವೇಕೆ?" ಎಂಬುದು. ಸಣ್ಣ ಪೆಟ್ಟಿಗೆಯು ದೊಡ್ಡ ಪೆಟ್ಟಿಗೆಗಿಂತ ಸಾಧುವೆಂದು ಯಾರೂ ಹೇಳುವುದಿಲ್ಲ. ಆದರೆ 2019ರಲ್ಲಿ ಸ್ಪೇನಿನ ವಿದ್ವಾಂಸರು 58 ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಬಗೆಯ ಪರದೆಗಳ ಮುಂದೆ ಕಳೆದ ಒಟ್ಟು ಹೊತ್ತಿಗೂ ಶಾಲೆಯ ಫಲಕ್ಕೂ ಸ್ಪಷ್ಟವಾದ ಸಂಬಂಧವು ಕಾಣಲಿಲ್ಲ. ದೂರದರ್ಶನಕ್ಕೂ ವೀಡಿಯೋ ಆಟಗಳಿಗೂ ಮಾತ್ರ ಪ್ರತಿಕೂಲ ಸಂಬಂಧವು ಕಂಡಿತು. ಮುದಿಹುಲಿಗೂ ಹಲ್ಲುಂಟು. ಇದಲ್ಲದೆ ಜಂಗಮದೂರವಾಣಿಯು ಮಗುವಿನ ಕೈಗೆ ಬಂದ ಬಗೆಯನ್ನು ವಿಚಾರಿಸಿದರೆ, ಧಾರಾವಾಹಿಯ ನಡುವೆ ಹಠ ಮಾಡಿದ ಶಿಶುವಿನ ಬಾಯಿ ಮುಚ್ಚಿಸಲು ಅದನ್ನು ಕೊಟ್ಟವರು ಯಾರೆಂಬುದು ಹೊರಬೀಳುವುದು.

ದೂರದರ್ಶನವೇ ಶಾಲೆಯಾದ ಕಾಲವೊಂದು ಬಂದುಹೋಯಿತು. 2020-21ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ರಾಜ್ಯದ ವಿದ್ಯಾ ಇಲಾಖೆಯವರು ಚಂದನ ವಾಹಿನಿಯಲ್ಲಿ ಸೇತುಬಂಧ, ಸಂವೇದ ಎಂಬ ಹೆಸರುಗಳಿಂದ ಪಾಠಗಳನ್ನು ಪ್ರಸಾರ ಮಾಡಿದರು. ಶ್ಲಾಘ್ಯವಾದ ಕಾರ್ಯ, ಬೋಧಿಸಿದವರು ನುರಿತ ಉಪಾಧ್ಯಾಯರು. ಆದರೂ 2021ರ ಮಾರ್ಚಿಯಲ್ಲಿ ಕರ್ನಾಟಕದ ಹಳ್ಳಿಗಳ ಮಕ್ಕಳ ಓದು ಮತ್ತು ಲೆಕ್ಕಗಳನ್ನು ಪರೀಕ್ಷಿಸಿದ ಅಸರ್ ವರದಿಯು ಎರಡರಲ್ಲಿಯೂ 2018ಕ್ಕಿಂತ ಇಳಿತವನ್ನು ಕಂಡಿತು. ಪಾಠವು ಪೆಟ್ಟಿಗೆಯಲ್ಲಿ ಬಂದ ಮಾತ್ರಕ್ಕೆ ಮಗುವಿನೊಳಗೆ ಇಳಿಯುವುದಿಲ್ಲ. "ಈಗ ಹೇಳಿದುದೇನು, ಹೇಳು ನೋಡೋಣ" ಎಂದು ಕೇಳುವವರೊಬ್ಬರು ಬೇಕು. ಡಾ. ನಾ. ಸೋಮೇಶ್ವರರು ಅದೇ ವಾಹಿನಿಯಲ್ಲಿ 2002ರಿಂದ ನಡೆಸಿಕೊಂಡು ಬಂದಿರುವ 'ಥಟ್ ಅಂತ ಹೇಳಿ' ಎಂಬ ಪ್ರಶ್ನೋತ್ತರದ ಕಾರ್ಯಕ್ರಮವು ಕನ್ನಡದ ಮನೆಗಳಿಗೆ ಉಪಕಾರ ಮಾಡಿದೆಯೆಂದರೆ, ಅದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಮನೆಯವರೆಲ್ಲ ಬಾಯಿಬಿಟ್ಟು ಕೂಗಲು ಎಡೆಯಿರುವುದೇ ಕಾರಣ. ಅಂಥ ಅರ್ಧ ಗಂಟೆಯನ್ನು ಯಾರೂ ಆಕ್ಷೇಪಿಸುವುದಿಲ್ಲ. ಆಕ್ಷೇಪಣೆಯಿರುವುದು ಅದರ ಹಿಂದೆಯೂ ಮುಂದೆಯೂ ಬರುವ ನಾಲ್ಕು ಗಂಟೆಗಳಿಗೆ.

ನಿದ್ರೆಯ ವಿಷಯವನ್ನು ಬಹು ಮಂದಿ ಮರೆಯುತ್ತಾರೆ. ಹತ್ತೂವರೆಯ ವರೆಗೂ ಹಾಲಿನಲ್ಲಿ ಗದ್ದಲವಿರುವ ಎರಡು ಕೋಣೆಯ ಮನೆಯಲ್ಲಿ ಏಳು ವರ್ಷದ ಮಗುವು ಒಂಬತ್ತಕ್ಕೆ ಮಲಗಲಾರದು. ಬೆಳಿಗ್ಗೆ ಏಳೂಕಾಲಿಗೆ ಶಾಲೆಯ ವಾಹನವು ಬರುತ್ತದೆ. ಮೊದಲನೆಯ ಪಾಠದಲ್ಲಿ ತೂಕಡಿಸುವ ಮಗುವನ್ನು ಮಂದಬುದ್ಧಿಯೆಂದು ಕರೆದ ಉಪಾಧ್ಯಾಯರೂ ಇದ್ದಾರೆ. ಮನೆಯವರು ಅದಕ್ಕೆ ಬಾದಾಮಿಯನ್ನು ನೆನೆಸಿ ತಿನ್ನಿಸುತ್ತಾರೆ.

ಹಿರಿಯರಿಗೆ ಉಳಿದಿರುವ ವಿನೋದವು ಇದೊಂದೇ, ಅದನ್ನೂ ಕಿತ್ತುಕೊಳ್ಳಬೇಕೇ ಎಂದು ಕೇಳಬಹುದು. ಕರುಣಾಜನಕವಾದ ಪ್ರಶ್ನೆ, ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಮೊಣಕಾಲು ನೋವಿನಿಂದ ಮೆಟ್ಟಿಲಿಳಿಯಲಾರದ, ನೆರೆಯವರ ಭಾಷೆಯರಿಯದ ವೃದ್ಧೆಗೆ ಆ ಪೆಟ್ಟಿಗೆಯು ಸಂಗಾತಿಯೇ ಸರಿ. ಆದರೆ ಇಲ್ಲಿ ಬೇಡುತ್ತಿರುವುದು ಸಂಗಾತಿಯ ತ್ಯಾಗವನ್ನಲ್ಲ, ವೇಳೆಯ ಬದಲಾವಣೆಯನ್ನು. ರಾತ್ರಿಯ ಧಾರಾವಾಹಿಗಳು ಮಾರನೆಯ ಹಗಲು ಪುನಃ ಪ್ರಸಾರವಾಗುತ್ತವೆ. ಮಗುವು ಆಗ ಶಾಲೆಯಲ್ಲಿರುತ್ತದೆ. ಭಾರತದ ಮಕ್ಕಳ ವೈದ್ಯರ ಸಂಘವು 2021ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಎರಡು ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಕೂಡದೆಂದೂ, ಎರಡರಿಂದ ಐದರ ವರೆಗೆ ದಿನಕ್ಕೆ ಒಂದು ಗಂಟೆಯನ್ನು ಮೀರಕೂಡದೆಂದೂ, ಐದರಿಂದ ಹತ್ತರ ವರೆಗೆ ಎರಡು ಗಂಟೆಗಿಂತ ಕಡಮೆಯೆಂದೂ ಹೇಳಿದೆ. ಈ ಲೆಕ್ಕದಲ್ಲಿ ಜಂಗಮದೂರವಾಣಿಯೂ ಸೇರಿದೆಯೆಂಬುದನ್ನು ಮರೆಯಬಾರದು. ಹಿರಿಯರಿಗೆ ಇಂಥ ಮಿತಿಯನ್ನು ಯಾವ ವೈದ್ಯರೂ ಬರೆದುಕೊಡರು, ಅವರೇ ಬರೆದುಕೊಳ್ಳಬೇಕು.

ಸಂಜೆ ದೀಪ ಹಚ್ಚಿದುದು ಮೊದಲ್ಗೊಂಡು ಮಕ್ಕಳು ಉಂಡು ಮಲಗುವ ವರೆಗೆ ಹಾಲಿನ ಪೆಟ್ಟಿಗೆಯು ಎಲ್ಲರಿಗೂ ಮುಚ್ಚಿರಲಿ. ತಂದೆತಾಯಿಗಳು ಹೆಬ್ಬಾಳವನ್ನು ದಾಟಿ ಬಂದ ಮೇಲೆ ಅವರ ಜಂಗಮದೂರವಾಣಿಗಳೂ ಪಾದರಕ್ಷೆಗಳ ಪಕ್ಕದಲ್ಲಿಯೇ ಇರಲಿ. ಇದನ್ನು ಹತ್ತನೆಯ ತರಗತಿಯ ಮಗುವಿರುವ ಮನೆಯಲ್ಲಿ ಮಾಘಮಾಸದಲ್ಲಿ ಆರಂಭಿಸುವುದಲ್ಲ. ಒಂದನೆಯ, ಎರಡನೆಯ ತರಗತಿಯ ಮಗುವಿರುವ ಮನೆಯಲ್ಲಿ ಈ ತಿಂಗಳೇ ಆರಂಭಿಸತಕ್ಕದ್ದು. ಮೊದಲನೆಯ ವಾರ ಕಷ್ಟವಾದೀತು. ಕಷ್ಟವು ಮಗುವಿಗಿಂತ ತಾತನಿಗೆ ಹೆಚ್ಚಾಗುವುದು. ಏಳು ಗಂಟೆಗೆ ಹುಡುಗಿಯು ಪುಸ್ತಕವನ್ನು ತಂದು ಕೇಳಿದಾಗ ಜಾಹೀರಾತಿಗಾಗಿ ಕಾಯಬೇಕಾದುದಿರುವುದಿಲ್ಲ. ಹದಿಮೂರರ ಮಗ್ಗಿಯನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಒಪ್ಪಿಸಿಕೊಳ್ಳುವುದಕ್ಕೆ ಹಿಡಿಯುವುದು ಹೆಚ್ಚೆಂದರೆ ಎರಡು ನಿಮಿಷ.